ಅಪ್ಪ ಅಮ್ಮ ಕಾಲೇಜಿಗೆ ದುಡ್ಡು ಕೊಡಲ್ಲ ಅಂದರೆ: ಅಮೆರಿಕದ ಕನ್ನಡ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಬಂತೆಂದರೆ ನಮ್ಮ ಊರಿನ ಕನ್ನಡದವರ ನಾಲ್ಕಾರು ಮನೆಗಳಿಂದ ನನಗೆ ಫೋನ್ ಬರುತ್ತದೆ. ದಸರಾ ಗೊಂಬೆ ನೋಡಲು ಕರೆಯೋಕಲ್ಲ, ಫ್ಯಾಫ್ಸಾ ತುಂಬಿಸೋಕೆ. ಕಾಲೇಜಿಗೆ ಅಮೆರಿಕ ಸರ್ಕಾರದ ನೆರವು ಬೇಕೆಂದರೆ ತುಂಬಲೇಬೇಕಾದ ಫಾರ್ಮು ಅದು. ನಾನು ಅಕೌಂಟೆಂಟ್ ಅಲ್ಲ, ವಕೀಲನೂ ಅಲ್ಲ. ಇಬ್ಬರು ಮಕ್ಕಳಿಗೆ ಒಟ್ಟು ಎಂಟು ಸಲ ತುಂಬಿ ಕೈ ಪಳಗಿದೆ, ಅಷ್ಟೆ. ಆದರೆ ಕೆಲವು ಮೆಸೇಜುಗಳು ರಾತ್ರಿ ಹನ್ನೊಂದರ ಮೇಲೆ ಬರುತ್ತವೆ, ಅಪ್ಪ ಅಮ್ಮ ಮಲಗಿದ ಮೇಲೆ. "ಅಂಕಲ್, ಮನೇಲಿ ದುಡ್ಡು ಕೊಡಲ್ಲ ಅಂತಿದ್ದಾರೆ. ಏನ್ ಮಾಡ್ಲಿ?" ಆ ಮಕ್ಕಳಿಗಾಗಿ ಇದನ್ನು ಬರೆದಿದ್ದೇನೆ. ಅಂಕಿಗಳು 2026-27ರ ಓದಿನ ವರ್ಷಕ್ಕೆ ಹೊಂದುವಂಥವು.

ನಮ್ಮಪ್ಪ ಒಂದು ಪೈಸೆ ಕೊಡಲ್ಲ ಅಂದಿದ್ದಾರೆ. ಹಾಗಾದ್ರೆ ಸರ್ಕಾರ ಕೊಡುತ್ತಾ?

ಅಪ್ಪ ಕೊಡಲ್ಲ ಅನ್ನುವ ಕಾರಣಕ್ಕೆ ಕೊಡುವುದಿಲ್ಲ. ಸರ್ಕಾರ ನೋಡುವುದು ಅಪ್ಪ ಅಮ್ಮ ಎಷ್ಟು ಕೊಡಬಲ್ಲರು ಅನ್ನುವುದನ್ನು. ಕೊಡುವ ಮನಸ್ಸಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಹಾಗೆ ನೋಡದಿದ್ದರೆ ಸ್ಥಿತಿವಂತರೆಲ್ಲ "ನಾವೂ ಕೊಡಲ್ಲ" ಅಂದುಬಿಡುತ್ತಿದ್ದರು ಅಲ್ವಾ? ನಿಯಮದ ತರ್ಕ ಸರಿಯೇ ಇದೆ. ಪೆಟ್ಟು ಬೀಳುವುದು ಮಾತ್ರ ನಿಮ್ಮಂಥವರಿಗೆ.

ಈಗ ಒಂದು ವಿಷಯ ಬಿಡಿಸಿಕೊಳ್ಳಿ. ನಿಮ್ಮಪ್ಪ ಹೇಳಿದ "ಇಲ್ಲ" ಯಾವುದು? ದುಡ್ಡು ಕೊಡಲ್ಲ ಅನ್ನುವುದು ಒಂದು. ಫಾರ್ಮಿಗೆ ಸಹಿ ಹಾಕಲ್ಲ ಅನ್ನುವುದು ಇನ್ನೊಂದು. ಜಗಳದ ಬಿಸಿಯಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬಂದಿರುತ್ತವೆ. ಮೊದಲನೆಯದಕ್ಕೆ ಅವರ ಜೇಬಿನಿಂದ ಹೋಗುತ್ತದೆ. ಎರಡನೆಯದಕ್ಕೆ ಒಂದು ಡಾಲರೂ ಹೋಗುವುದಿಲ್ಲ. ದುಡ್ಡಿನ ಜಗಳ ನಾಳೆಗಿರಲಿ, ಮೊದಲು ಸಹಿ ಕೇಳಿ.

ನಂಗೆ 18 ಆಯ್ತು. ವೋಟು ಹಾಕ್ತೀನಿ. ಇನ್ನೂ ಅಪ್ಪ ಅಮ್ಮ ಯಾಕೆ ಬೇಕು?

ಫ್ಯಾಫ್ಸಾ ಲೆಕ್ಕದಲ್ಲಿ ದೊಡ್ಡವರಾಗುವುದು 24ಕ್ಕೆ. 2026-27ಕ್ಕಾದರೆ 2003ರ ಜನವರಿ 1ಕ್ಕಿಂತ ಮುಂಚೆ ಹುಟ್ಟಿರಬೇಕು. ಅಲ್ಲಿಯ ತನಕ ನೀವು "ಡಿಪೆಂಡೆಂಟ್", ಅಂದರೆ ಅಪ್ಪ ಅಮ್ಮನ ಆದಾಯವೂ ಫಾರ್ಮಿಗೆ ಬರಬೇಕು.

ಇದಕ್ಕೆ ಹೊರತಾದವರೂ ಇದ್ದಾರೆ. ಮದುವೆಯಾದವರು. ಮಾಸ್ಟರ್ಸ್, ಲಾ, ಮೆಡಿಸಿನ್ ಓದುವವರು. ಸೇನೆಯಲ್ಲಿ ಇರುವವರು ಅಥವಾ ಇದ್ದು ಬಂದವರು. ತಮ್ಮದೇ ಮಗುವನ್ನು ಅರ್ಧಕ್ಕಿಂತ ಜಾಸ್ತಿ ಖರ್ಚು ಹಾಕಿ ಸಾಕುವವರು. 13 ವರ್ಷ ತುಂಬಿದ ಮೇಲೆ ಯಾವತ್ತಾದರೂ ತಂದೆ ತಾಯಿ ಇಬ್ಬರೂ ಇಲ್ಲದೆ ಅನಾಥರಾದವರು ಅಥವಾ ಸರ್ಕಾರ ಸಾಕಲು ಒಪ್ಪಿಸಿದ ಫಾಸ್ಟರ್ ಮನೆಯಲ್ಲಿ ಇದ್ದವರು. ಕೋರ್ಟು ಗಾರ್ಡಿಯನ್‌ಗೆ ಒಪ್ಪಿಸಿದವರು. ಯಾರೂ ಇಲ್ಲದೆ, ಇರಲು ಮನೆಯೂ ಇಲ್ಲದವರು. ಇಷ್ಟರಲ್ಲಿ ಒಂದಾದರೂ ನಿಮಗೆ ಹೊಂದಿದರೆ ಅಪ್ಪ ಅಮ್ಮನ ಪ್ರಶ್ನೆಯೇ ಫಾರ್ಮಿನಲ್ಲಿ ಬರುವುದಿಲ್ಲ.

ನಾನು ಬೇರೆ ರೂಮು ಮಾಡಿದ್ದೀನಿ, ನನ್ನ ಟ್ಯಾಕ್ಸ್ ನಾನೇ ಹಾಕ್ತೀನಿ. ಆದ್ರೂ?

ಆದರೂ. ಟ್ಯಾಕ್ಸಿನ ಡಿಪೆಂಡೆಂಟ್ ಬೇರೆ, ಫ್ಯಾಫ್ಸಾದ ಡಿಪೆಂಡೆಂಟ್ ಬೇರೆ. ಅಪ್ಪ ನಿಮ್ಮನ್ನು ಟ್ಯಾಕ್ಸ್ ಫಾರ್ಮಿನಲ್ಲಿ ತೋರಿಸದಿದ್ದರೂ, ನೀವು ಸ್ವಂತ ಸಂಬಳದಲ್ಲಿ ಬದುಕುತ್ತಿದ್ದರೂ ಇಲ್ಲಿ ಏನೂ ಬದಲಾಗುವುದಿಲ್ಲ.

ಸಹಿ ಹಾಕೋಕೆ ಒಪ್ಪಿಸೋದು ಹೇಗೆ?

ಒಂದು ಮನೆಯ ಕತೆ ಹೇಳುತ್ತೇನೆ. ಸುತ್ತ ಗೊತ್ತಿರುವವರಿಗೆ ಗುರುತು ಸಿಗದಷ್ಟು ಬದಲಿಸಿದ್ದೇನೆ. ಮಗಳಿಗೆ ಆರ್ಕಿಟೆಕ್ಚರ್ ಬೇಕು, ಅಪ್ಪನಿಗೆ ಕಂಪ್ಯೂಟರ್ ಸೈನ್ಸೇ ಆಗಬೇಕು. ಅಡುಗೆಮನೆ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. ಕುಕ್ಕರ್ ಎರಡು ಸಲ ಕೂಗಿದೆ. ಅಪ್ಪನ ಹೆಸರಿನ ಖಾತೆ ಆಗಿದೆ, ಪಾಸ್‌ವರ್ಡ್ ಆಗಿದೆ, ಕೊನೆಗೆ ಅವರ ಫೋನಿಗೆ ಆರು ಅಂಕಿಯ ಕೋಡು ಬಂತು. ಫೋನು ಅವರ ಕೈಯಲ್ಲೇ ಇತ್ತು. ನೋಡಿದರು. ಮಗುಚಿ ಟೇಬಲ್ಲಿನ ಮೇಲಿಟ್ಟರು. ಯಾರೂ ಮಾತಾಡಲಿಲ್ಲ. ಕೋಡಿನ ಅವಧಿ ಮುಗಿಯಿತು. "ಇನ್ನೊಂದ್ಸಲ ಕಳಿಸ್ಲಾ ಅಂಕಲ್?" ಅಂತ ಹುಡುಗಿ ಕೇಳಿದ್ದು ನನ್ನನ್ನು, ಅಪ್ಪನನ್ನಲ್ಲ.

ಆವತ್ತು ನಾನು ಮಾಡಿದ ತಪ್ಪೆಂದರೆ ಮಗಳ ಪರ ವಾದಕ್ಕೆ ಇಳಿದದ್ದು. ಆರ್ಕಿಟೆಕ್ಟುಗಳಿಗೂ ಕೆಲಸ ಸಿಗುತ್ತೆ ಸಾರ್ ಅಂತೆಲ್ಲ ಹೇಳಿದೆ. ಅದರಿಂದ ಏನೂ ಆಗಲಿಲ್ಲ. ಎರಡು ವಾರ ಬಿಟ್ಟು, ವಾಕಿಂಗಿನಲ್ಲಿ ಸಿಕ್ಕಾಗ, ಅವರಿಗೆ ಭಯ ಯಾವುದು ಅಂತ ಕೇಳಿದೆ. ಮೂರು ಹೊರಬಂದವು. ಎಲ್ಲ ಮನೆಗಳಲ್ಲೂ ಹೆಚ್ಚುಕಮ್ಮಿ ಇವೇ ಮೂರು.

ಮೊದಲನೆಯದು, "ಸಹಿ ಹಾಕಿದರೆ ಸಾಲ ನನ್ನ ತಲೆಗೆ ಬರುತ್ತೆ." ಬರುವುದಿಲ್ಲ. ಫಾರ್ಮು ಅಪ್ಪ ಅಮ್ಮನನ್ನು "ಕಾಂಟ್ರಿಬ್ಯೂಟರ್" ಅನ್ನುತ್ತದೆ. ಆ ಪದವೇ ಎಡವಟ್ಟು, ಕೇಳಿದವರಿಗೆ ಕೊಡುಗೆ ಕೊಡುವವರು ಅನ್ನಿಸುತ್ತದೆ. ಅಲ್ಲಿ ಅದರ ಅರ್ಥ ಮಾಹಿತಿ ಕೊಡುವವರು ಅಂತ ಮಾತ್ರ. ವಿದ್ಯಾರ್ಥಿಯ ಹೆಸರಿನ ಸರ್ಕಾರಿ ಸಾಲಕ್ಕೆ ವಿದ್ಯಾರ್ಥಿಯೊಬ್ಬರೇ ಹೊಣೆ. ಅಪ್ಪ ಅಮ್ಮನ ಹೆಸರಿನ ಪೇರೆಂಟ್ ಪ್ಲಸ್ ಸಾಲಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಅದು ತಾನಾಗಿ ಆಗಿಬಿಡುವುದಿಲ್ಲ.

ಎರಡನೆಯದು, "ನನ್ನ ಆದಾಯ ಸರ್ಕಾರಕ್ಕೆ ಯಾಕೆ ಹೇಳಲಿ?" ಸರ್ಕಾರದ ಹತ್ತಿರ ಅದು ಆಗಲೇ ಇದೆ. ಕೇಳುವುದು ಒಪ್ಪಿಗೆಯನ್ನು ಮಾತ್ರ. ಒಪ್ಪಿದರೆ ಐಆರ್‌ಎಸ್‌ನಿಂದ, ಅಂದರೆ ಟ್ಯಾಕ್ಸ್ ಇಲಾಖೆಯಿಂದ, ಅಂಕಿಗಳು ನೇರವಾಗಿ ಬರುತ್ತವೆ. 2026-27ಕ್ಕೆ 2024ರ ಟ್ಯಾಕ್ಸಿನ ಲೆಕ್ಕ.

ಮೂರನೆಯದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ: ಸಂಬಳ ಎಷ್ಟೆಂದು ಮಕ್ಕಳಿಗೆ ಗೊತ್ತಾಗುವುದು ಇಷ್ಟವಿಲ್ಲ. ಐಆರ್‌ಎಸ್‌ನಿಂದ ಬಂದ ಅಂಕಿಗಳು ವಿದ್ಯಾರ್ಥಿಗೆ ಕಾಣುವುದಿಲ್ಲ. ಅಪ್ಪ ತಮ್ಮ ಭಾಗವನ್ನು ತಮ್ಮ ಕಂಪ್ಯೂಟರಿನಲ್ಲಿ, ಬಾಗಿಲು ಹಾಕಿಕೊಂಡು ಬೇಕಾದರೂ ತುಂಬಬಹುದು. ಆ ಮನೆಯಲ್ಲಿ ಕೆಲಸ ಮಾಡಿದ್ದು ಈ ಮಾತೇ. "ಹೌದಾ? ಅವಳಿಗೆ ಕಾಣಲ್ವಾ?" ಅಂದರು. ಆ ಭಾನುವಾರವೇ ತುಂಬಿದರು. ಆರ್ಕಿಟೆಕ್ಚರ್ ಬಗ್ಗೆ ಇವತ್ತಿಗೂ ಅವರದು ಅದೇ ಅಭಿಪ್ರಾಯ.

ಅಪ್ಪ ಅಮ್ಮ ಜಂಟಿಯಾಗಿ ಟ್ಯಾಕ್ಸ್ ಹಾಕುವವರಾದರೆ ಇಬ್ಬರಲ್ಲಿ ಒಬ್ಬರು ತುಂಬಿದರೆ ಸಾಕು. ಅಪ್ಪ ಹಠ ಹಿಡಿದಿದ್ದರೆ ಅಮ್ಮನನ್ನು ಕೇಳಿ. ಇದು ಎಷ್ಟೋ ಮಕ್ಕಳಿಗೆ ಹೊಳೆದೇ ಇರುವುದಿಲ್ಲ.

ಅಪ್ಪನ ಖಾತೆ ನಾನೇ ತೆರೆದು ತುಂಬಿಬಿಟ್ಟರೆ? ಅವರ ನಂಬರೆಲ್ಲ ಗೊತ್ತು.

ಬೇಡ. ಮನೆಯ ಕಂಪ್ಯೂಟರ್ ಕೆಲಸವೆಲ್ಲ ಮಕ್ಕಳೇ ಮಾಡುವ ಮನೆಗಳಲ್ಲಿ ಇದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಅದು ಅಪ್ಪನ ಕಾನೂನಿನ ಸಹಿ. ಸುಳ್ಳು ಮಾಹಿತಿಗೆ 20,000 ಡಾಲರ್ ತನಕ ದಂಡ, ಜೈಲೂ ಆಗಬಹುದು. ಪಕ್ಕದಲ್ಲಿ ಕೂತು ತೋರಿಸಿಕೊಡಿ. ಕೀಲಿ ಒತ್ತುವುದು ಅವರೇ ಆಗಿರಲಿ.

ಏನೇ ಮಾಡಿದರೂ ಸಹಿ ಸಿಗಲಿಲ್ಲ. ಏನೂ ಸಿಗಲ್ವಾ?

ಒಂದು ಸಣ್ಣ ಬಾಗಿಲು ತೆರೆದಿದೆ. ಅಪ್ಪ ಅಮ್ಮ ಮಾಹಿತಿ ಕೊಡಲು ಒಪ್ಪುತ್ತಿಲ್ಲವೇ ಅನ್ನುವ ಪ್ರಶ್ನೆ ಫಾರ್ಮಿನಲ್ಲೇ ಇದೆ. ಹೌದು ಅಂದರೆ ಅವರ ಭಾಗ ಖಾಲಿ ಬಿಟ್ಟು ಕಳಿಸಬಹುದು. ಆಮೇಲೆ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಹೋಗಿ ಹೇಳಬೇಕು. ಅವರು ಅಪ್ಪ ಅಮ್ಮನಿಂದ ಒಂದು ಚೀಟಿ ಕೇಳಬಹುದು. ಅದನ್ನೂ ಕೊಡಲ್ಲ ಅಂದರೆ ನಿಮ್ಮ ಸ್ಥಿತಿ ಗೊತ್ತಿರುವ ಬೇರೆಯವರ ಪತ್ರ ಆಗುತ್ತದಾ ಅಂತ ವಿಚಾರಿಸಿ.

ಸಿಗುವುದು ಒಂದೇ: ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ ಸಾಲ. ಮೊದಲ ವರ್ಷ 5,500 ಡಾಲರ್, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ ಒಟ್ಟು 27,000. ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. 2025-26ರಲ್ಲಿ ಪಡೆದ ಸಾಲಕ್ಕೆ ಅದು ನೂರಕ್ಕೆ 6.39 ಇತ್ತು, ಪ್ರತಿ ಜುಲೈ 1ಕ್ಕೆ ಹೊಸ ಸಾಲಗಳ ದರ ಬದಲಾಗುತ್ತದೆ. ಆದಾಯ ಕಡಿಮೆಯಿರುವ ಮನೆಯವರಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಇಲ್ಲ. ಓದುವಾಗ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಸಬ್ಸಿಡೈಸ್ಡ್ ಸಾಲ ಇಲ್ಲ. ಕ್ಯಾಂಪಸ್ಸಿನಲ್ಲಿ ಕೆಲಸ ಕೊಡುವ ವರ್ಕ್-ಸ್ಟಡಿಯೂ ಇಲ್ಲ.

ಸಹಿ ಏನೋ ಹಾಕಿದರು. ದುಡ್ಡು ಮಾತ್ರ ಕೊಡಲ್ಲ. ಈಗ?

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಯಾವ ಕಡೆ ಅನ್ನುವುದು ಅಪ್ಪ ಅಮ್ಮನ ಆದಾಯದ ಮೇಲೆ ನಿಂತಿದೆ.

ಆದಾಯ ಕಡಿಮೆಯಿದ್ದರೆ ಸಹಿಯೇ ದೊಡ್ಡ ಕೊಡುಗೆ. ಅಪ್ಪ ಅಂಗಡಿಯಲ್ಲಿ ಕೆಲಸ, ಅಮ್ಮ ಡೇಕೇರಿನಲ್ಲಿ ಅಡುಗೆ ಅನ್ನುವಂಥ ಮನೆಯಾದರೆ ಪೆಲ್ ಗ್ರಾಂಟ್ ವರ್ಷಕ್ಕೆ 7,395 ಡಾಲರ್ ತನಕ ಸಿಗಬಹುದು. ಅದು ಸಾಲವಲ್ಲ, ವಾಪಸ್ ಕೊಡಬೇಕಿಲ್ಲ. ಅದರ ಮೇಲೆ ರಾಜ್ಯದ್ದು, ಕಾಲೇಜಿನದ್ದು.

ಇಬ್ಬರೂ ಸಾಫ್ಟ್‌ವೇರಿನಲ್ಲಿದ್ದು ಸಂಬಳ ಜೋರಾಗಿದ್ದರೆ ನಿಮಗೆ ಕಹಿ ಸತ್ಯ ಹೇಳಬೇಕು. ಸಹಿ ಹಾಕಿದರೂ ಸರ್ಕಾರದಿಂದ ಸಿಗುವುದು ಬಹುಪಾಲು ಆ 5,500ರ ಸಾಲವೇ. ಸಹಿ ಇಲ್ಲದೆಯೂ ಅದು ಸಿಗುತ್ತಿತ್ತು. ಅಂಥ ಮನೆಯ ಮಕ್ಕಳು ಫಾರ್ಮಿನ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಕಾಲೇಜಿನ ಬೆಲೆಯನ್ನೇ ಇಳಿಸುವ ದಾರಿ ಹುಡುಕಬೇಕು. ಮನೆಯ ಆದಾಯ ನೋಡದೆ ಅಂಕ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್, ನಿಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ, ಎರಡು ವರ್ಷ ಅಗ್ಗವಾಗಿ ಓದಬಹುದಾದ ಕಮ್ಯುನಿಟಿ ಕಾಲೇಜು. ಹೆಸರಾಂತ ಐವಿ ಕಾಲೇಜುಗಳು ಮೆರಿಟ್ ದುಡ್ಡು ಕೊಡುವುದಿಲ್ಲ, ಮನೆಯ ಆದಾಯ ನೋಡಿಯೇ ಕೊಡುತ್ತವೆ. ಹಾಗಾಗಿ ಶ್ರೀಮಂತ ಅಪ್ಪ ಕೈಯೆತ್ತಿದ ಮಕ್ಕಳಿಗೆ ಅವು ಎಲ್ಲಕ್ಕಿಂತ ದುಬಾರಿ. ಅರ್ಜಿ ಹಾಕುವ ಮುಂಚೆಯೇ ಇದು ತಿಳಿದಿದ್ದರೆ ಸೀಟು ಬಂದ ಮೇಲೆ ಏಪ್ರಿಲ್‌ನಲ್ಲಿ ಅಳುವುದು ತಪ್ಪುತ್ತದೆ. ನಿಮಗೆ ನಿಜವಾಗಿ ಎಷ್ಟು ಖರ್ಚು ಬೀಳಬಹುದೆಂದು ಹೇಳುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಪ್ರತಿ ಕಾಲೇಜಿನ ಜಾಲತಾಣದಲ್ಲೂ ಇರುತ್ತದೆ. ಅಂದಾಜು ಅಂಕಿ ಹಾಕಿದರೂ ನಡೆಯುತ್ತದೆ. ಹನ್ನೊಂದನೇ ಕ್ಲಾಸಿನಲ್ಲೇ ಹಾಕಿ ನೋಡಿ.

ಇನ್ನೊಂದು ಒಳದಾರಿ ಇದೆ. ಅಪ್ಪ ಅಥವಾ ಅಮ್ಮ ಪೇರೆಂಟ್ ಪ್ಲಸ್ ಸಾಲಕ್ಕೆ ಅರ್ಜಿ ಹಾಕಿ, ಕ್ರೆಡಿಟ್ ಸರಿಯಿಲ್ಲ ಅಂತ ತಿರಸ್ಕಾರವಾದರೆ, ನಿಮ್ಮ ಹೆಸರಿಗೆ ಮೊದಲೆರಡು ವರ್ಷ 4,000, ಆಮೇಲೆ 5,000 ಡಾಲರ್ ಹೆಚ್ಚಿಗೆ ಸಾಲ ಸಿಗುತ್ತದೆ. ಸುಮ್ನೆ "ನಾನು ಪ್ಲಸ್ ಸಾಲ ತಗೊಳ್ಳಲ್ಲ" ಅಂದರೆ ಸಾಲದು, ತಿರಸ್ಕಾರ ಆಗಬೇಕು.

ದುಡ್ಡು ಕೊಡದಿದ್ದರೂ ಅಪ್ಪ ಅಮ್ಮ ಕೊಡಬಹುದಾದ್ದು ಇದೆ. 26ರ ತನಕ ಅವರ ಆರೋಗ್ಯ ವಿಮೆಯಲ್ಲಿ ನಿಮ್ಮ ಹೆಸರು ಇರಬಹುದು. ಇದ್ದರೆ ಅನೇಕ ಕಡೆ ಕಾಲೇಜಿನ ವಿಮೆಯ ಫೀಸು ತಪ್ಪುತ್ತದೆ, ಅದೂ ಸಾವಿರಗಳಲ್ಲಿರುತ್ತದೆ. ಮನೆಯಿಂದಲೇ ಓಡಾಡಲು ಬಿಟ್ಟರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ. ಇವನ್ನು ಕೇಳಿ ನೋಡಿ. ಅನ್ನ ಹಾಕಲ್ಲ ಅನ್ನುವ ಅಮ್ಮಂದಿರನ್ನು ನಾನು ಹೆಚ್ಚು ಕಂಡಿಲ್ಲ.

ದುಡ್ಡಿನ ಜಗಳ ಅಲ್ಲ ಅಂಕಲ್. ಮನೆಯಲ್ಲಿ ಹೊಡೀತಾರೆ. ನಾನು ಅವರ ಹತ್ತಿರ ಕೇಳೋ ಹಾಗೇ ಇಲ್ಲ.

ಮೊದಲು ನಿಮ್ಮ ಜೀವ. ಶಾಲೆಯ ಕೌನ್ಸೆಲರ್‌ಗೆ ಹೇಳಿ. ಅಪಾಯ ಇದ್ದರೆ 911. ಫಾರ್ಮು ಆಮೇಲೆ.

ಫಾರ್ಮಿನ ವಿಷಯಕ್ಕೆ ಬಂದರೆ, ನಿಮ್ಮದು ಮೇಲಿನವರ ಹಾಗಲ್ಲ. ಹಿಂಸೆ, ಕೈಬಿಟ್ಟು ಹೋಗಿರುವುದು, ತಂದೆ ತಾಯಿ ಜೈಲಿನಲ್ಲಿರುವುದು, ಅವರನ್ನು ಸಂಪರ್ಕಿಸಿದರೆ ನಿಮಗೇ ಅಪಾಯ, ಇಂಥವನ್ನು "ಅಸಾಮಾನ್ಯ ಪರಿಸ್ಥಿತಿ" ಅನ್ನುತ್ತಾರೆ. ಫಾರ್ಮಿನಲ್ಲಿ ಅದಕ್ಕೆ ಹೌದು ಅಂದರೆ ನಿಮ್ಮನ್ನು ತಾತ್ಕಾಲಿಕವಾಗಿ ಸ್ವತಂತ್ರರೆಂದು ಇಟ್ಟುಕೊಂಡು, ಅಪ್ಪ ಅಮ್ಮನ ಭಾಗ ಇಲ್ಲದೆಯೇ ಮುಂದೆ ಬಿಡುತ್ತದೆ. ಕೊನೆಯ ತೀರ್ಮಾನ ಕಾಲೇಜಿನದು. ಇದಕ್ಕೆ ಡಿಪೆಂಡೆನ್ಸಿ ಓವರ್‌ರೈಡ್ ಅನ್ನುತ್ತಾರೆ.

ಆಫೀಸಿನಲ್ಲಿ "ಇಂಥದ್ದಕ್ಕೆ ನಾವು ಕೊಡೋದೇ ಇಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. ನಾನೇ ಒಂದು ಹುಡುಗನ ಜೊತೆ ಹೋಗಿದ್ದಾಗ ಒಂದು ಕೌಂಟರಿನಲ್ಲಿ ಹಾಗೆ ಹೇಳಿ ಕಳಿಸಿದ್ದರು. ಎಲ್ಲ ಅರ್ಜಿಗಳನ್ನೂ ಸಾರಾಸಗಟಾಗಿ ತಳ್ಳಿಹಾಕುವ ನೀತಿಯನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ಒಂದೊಂದನ್ನೂ ನೋಡಲೇಬೇಕು. ಮತ್ತೆ ಹೋಗಿ, ಡೈರೆಕ್ಟರ್ ಹತ್ತಿರ ಸಮಯ ಕೇಳಿ ಕೂತೆವು. ಆಯಿತು. ಆದರೆ ನೋಡಿದ ಮೇಲೆ ಇಲ್ಲ ಅಂದರೆ ಅದೇ ಕೊನೆ. ಸರ್ಕಾರದ ಶಿಕ್ಷಣ ಇಲಾಖೆಗೆ ಮೇಲ್ಮನವಿ ಹೋಗುವುದಿಲ್ಲ. ಇನ್ನೊಂದು ಕಾಲೇಜು ಬೇರೆ ಥರ ತೀರ್ಮಾನಿಸಬಹುದು.

ಪತ್ರ ಬರೆಯುವಾಗ ನಮ್ಮ ಮಕ್ಕಳು ಎಡವುವುದು ಇಲ್ಲಿ: ಮನೆಯ ಮರ್ಯಾದೆ ಅಂತ ಎಲ್ಲವನ್ನೂ ಮುಚ್ಚಿಟ್ಟು ಬರೆಯುತ್ತಾರೆ. "ಮನೆಯಲ್ಲಿ ಸ್ವಲ್ಪ ಭಿನ್ನಾಭಿಪ್ರಾಯವಿದೆ" ಅಂತ ಬರೆದರೆ ಓದುವವರಿಗೆ ಅದು ದುಡ್ಡಿನ ಜಗಳದ ಹಾಗೇ ಕಾಣುತ್ತದೆ. "ನವೆಂಬರ್ 14ರ ರಾತ್ರಿ ಅಪ್ಪ ಬೆಲ್ಟಿನಲ್ಲಿ ಹೊಡೆದರು. ಮಾರನೇ ದಿನ ಪಿಇ ಟೀಚರ್ ಗಾಯ ನೋಡಿ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದರು. ಡಿಸೆಂಬರ್ 2ರಿಂದ ಗೆಳೆಯನ ಮನೆಯಲ್ಲಿದ್ದೇನೆ." ಹೀಗೆ, ದಿನ, ಜಾಗ, ನೋಡಿದವರು. ಬಯ್ಯುವುದೂ ಬೇಡ, ಮುಚ್ಚುವುದೂ ಬೇಡ. ಜೊತೆಗೆ ಟೀಚರ್, ಕೌನ್ಸೆಲರ್, ಡಾಕ್ಟರ್, ಸೋಶಿಯಲ್ ವರ್ಕರ್, ಪೊಲೀಸ್ ಇಂಥವರ ಪತ್ರ ಬೇಕು. ಪಕ್ಕದ ಮನೆ ಆಂಟಿ ಬರೆದದ್ದೂ ಇರಲಿ, ಆದರೆ ಅದೊಂದನ್ನೇ ನಂಬಿ ಹೋಗಬೇಡಿ. ಒಂದು ಸಲ ಒಪ್ಪಿದರೆ, ಪರಿಸ್ಥಿತಿ ಬದಲಾಗದ ತನಕ ಅದೇ ಕಾಲೇಜಿನಲ್ಲಿ ಮುಂದಿನ ವರ್ಷಗಳಿಗೂ ಅದು ನಡೆಯುತ್ತದೆ.

ಮನೆಯಿಂದ ಹೊರಗೆ ಹಾಕಿದ್ದಾರೆ. ಫ್ರೆಂಡ್ ಮನೆ ಸೋಫಾ ಮೇಲೆ ಮಲಗ್ತೀನಿ. ಇದು "ಮನೆ ಇಲ್ಲದವರು" ಅಂತ ಆಗುತ್ತಾ?

ಆಗಬಹುದು. ರಸ್ತೆಯಲ್ಲಿ ಮಲಗಿದರೆ ಮಾತ್ರ ಅಂತಲ್ಲ. ಹೋಗಲು ಜಾಗವಿಲ್ಲದೆ ಅವರಿವರ ಮನೆಯಲ್ಲಿ ದಿನ ದೂಡುವುದೂ ಈ ಲೆಕ್ಕಕ್ಕೆ ಬರುತ್ತದೆ. ಪ್ರತಿ ಶಾಲಾ ಜಿಲ್ಲೆಯಲ್ಲೂ ಮನೆಯಿಲ್ಲದ ಮಕ್ಕಳಿಗೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ಅವರು ಬರೆದುಕೊಟ್ಟರೆ ಸಾಕು, ಅಥವಾ ಕಾಲೇಜಿನ ಏಡ್ ಆಫೀಸೇ ತೀರ್ಮಾನಿಸಬಹುದು. ಹೈಸ್ಕೂಲ್ ಮುಗಿಯುವ ಮುಂಚೆಯೇ ಆ ಚೀಟಿ ತೆಗೆದಿಟ್ಟುಕೊಳ್ಳಿ, ಆಮೇಲೆ ಅವರನ್ನು ಹುಡುಕುವುದು ಕಷ್ಟ.

ಅಪ್ಪ ಅಮ್ಮ ಡಿವೋರ್ಸ್ ಆಗಿದ್ದಾರೆ. ಯಾರ ಸಹಿ?

ಕಳೆದ 12 ತಿಂಗಳಲ್ಲಿ ನಿಮಗೆ ಜಾಸ್ತಿ ಖರ್ಚು ಮಾಡಿದವರದು. ಮುಂಚೆ ಯಾರ ಜೊತೆ ಜಾಸ್ತಿ ದಿನ ಇದ್ದಿರಿ ಅನ್ನುವುದನ್ನು ನೋಡುತ್ತಿದ್ದರು, 2024-25ರಿಂದ ಬದಲಾಗಿದೆ. ಅವರು ಮತ್ತೆ ಮದುವೆಯಾಗಿದ್ದರೆ ಮಲತಂದೆ ಅಥವಾ ಮಲತಾಯಿಯ ಆದಾಯವೂ ಸೇರುತ್ತದೆ. "ನಾನ್ಯಾಕೆ ತೋರಿಸಲಿ" ಅಂತ ಅವರು ಗೊಣಗುತ್ತಾರೆ. ಗೊಣಗಲಿ, ನಿಯಮ ಹಾಗಿದೆ.

ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಫಾರ್ಮು ಕೇಳುವ ಖಾಸಗಿ ಕಾಲೇಜುಗಳಲ್ಲಿ ಹೆಚ್ಚಿನವು ಇಬ್ಬರ ಲೆಕ್ಕವನ್ನೂ ಕೇಳುತ್ತವೆ. ಅಪ್ಪನ ಪತ್ತೆಯೇ ಇಲ್ಲ ಅಂದರೆ ಅವರ ಭಾಗಕ್ಕೆ ವಿನಾಯಿತಿ ಕೇಳುವ ಅರ್ಜಿ ಇದೆ. ಪತ್ತೆಯಿದ್ದು ಕೊಡಲ್ಲ ಅನ್ನುವ ಅಪ್ಪನಿಗೆ ಅದು ಸಿಗುವುದು ಕಷ್ಟ.

ನಾನು ಅಮೆರಿಕದಲ್ಲಿ ಹುಟ್ಟಿದವಳು. ನನಗೆ ಆರು ವರ್ಷ ಇದ್ದಾಗ ಎಲ್ಲರೂ ಬೆಂಗಳೂರಿಗೆ ವಾಪಸ್ ಹೋದ್ವಿ. ಈಗ ಕಾಲೇಜಿಗೆ ಬಂದು ಚಿಕ್ಕಪ್ಪನ ಮನೇಲಿದ್ದೀನಿ. ಅಪ್ಪ ಬೆಂಗಳೂರಲ್ಲೇ ಓದು, ಅಲ್ಲಿಗೆ ದುಡ್ಡು ಕಳಿಸಲ್ಲ ಅಂತಾರೆ.

ಈಚೆಗೆ ಈ ಥರದ ಮಕ್ಕಳು ಜಾಸ್ತಿ ಬರುತ್ತಿದ್ದಾರೆ. ಸಹಿಗೆ ಎಲ್ಲಕ್ಕಿಂತ ಜಾಸ್ತಿ ಬೆಲೆ ಇರುವುದೂ ಇಲ್ಲೇ.

ನೀವು ಅಮೆರಿಕದ ಪ್ರಜೆ, ಹಾಗಾಗಿ ಫ್ಯಾಫ್ಸಾ ತುಂಬಬಹುದು. ಚಿಕ್ಕಪ್ಪ ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಫಾರ್ಮಿನ ಲೆಕ್ಕದಲ್ಲಿ ಅವರು ಯಾರೂ ಅಲ್ಲ. ಬೆಂಗಳೂರಿನ ಅಪ್ಪ ಅಮ್ಮನೇ ತುಂಬಬೇಕು. ಅವರ ಹತ್ತಿರ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಖಾತೆ ತೆರೆಯಬಹುದು. ರೂಪಾಯಿ ಆದಾಯವನ್ನು ಡಾಲರಿಗೆ ತಿರುಗಿಸಿ ಬರೆಯಬೇಕು.

ಆ ತಿರುಗಿಸುವುದರಲ್ಲೇ ವಿಷಯ ಇರುವುದು. ನಿಮ್ಮಪ್ಪನಿಗೆ ವರ್ಷಕ್ಕೆ 20 ಲಕ್ಷ ಬರುತ್ತದೆ ಅನ್ನಿ. ಜಯನಗರದಲ್ಲಿ ಅದು ಚೆನ್ನಾದ ಸಂಬಳ. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ ಸುಮಾರು 22,000 ಡಾಲರ್. ಅಮೆರಿಕದ ಲೆಕ್ಕದಲ್ಲಿ ಬಡ ಕುಟುಂಬ! ಪೆಲ್ ಗ್ರಾಂಟ್ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಇದನ್ನು ಅಪ್ಪನಿಗೆ ಹೇಳಿ: "ದುಡ್ಡು ಕಳಿಸಬೇಡಿ, ಒಂದು ಗಂಟೆ ಕೂತು ಫಾರ್ಮು ತುಂಬಿ."

ಅವರು ಇರುವ ಮನೆ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆ, ಹೂಡಿಕೆಗೆಂದು ತೆಗೆದಿಟ್ಟ ಸೈಟು ಬರುತ್ತದೆ, ದೇಶ ಯಾವುದಾದರೂ ಸರಿ. ಮೈಸೂರಿನ ಸೈಟು ಮರೆತುಹೋಯಿತು ಅನ್ನಬೇಡಿ. ಇನ್ನೊಂದು ಎಚ್ಚರಿಕೆ: ಅಪ್ಪ ಅಮ್ಮ ಆ ರಾಜ್ಯದಲ್ಲಿ ಇಲ್ಲದಿದ್ದರೆ ಸರ್ಕಾರಿ ವಿಶ್ವವಿದ್ಯಾಲಯ ನಿಮ್ಮಿಂದ ಹೊರರಾಜ್ಯದ ಫೀಸು ಕೇಳಬಹುದು. ಅದು ಪೆಲ್ ಗ್ರಾಂಟನ್ನು ಪೂರ್ತಿ ನುಂಗಿಬಿಡುವಷ್ಟಿರುತ್ತದೆ. ಸೇರುವ ಮುಂಚೆ ಕೇಳಿ.

ಹಾಗಾದ್ರೆ ಚಿಕ್ಕಪ್ಪನನ್ನೇ ಗಾರ್ಡಿಯನ್ ಮಾಡಿಸಿದರೆ?

ಕೋರ್ಟು ನಿಜವಾಗಿ ಗಾರ್ಡಿಯನ್ ನೇಮಿಸಿದ್ದರೆ ಅದು ನಡೆಯುತ್ತದೆ. ಏಡ್ ಸಿಗಲಿ ಅಂತಲೇ ಮಾಡಿಸುವುದು ಬೇರೆ ವಿಷಯ. ಶಿಕಾಗೊ ಸುತ್ತಮುತ್ತ ಕೆಲವು ಸ್ಥಿತಿವಂತ ಕುಟುಂಬಗಳು ಹೀಗೆ ಮಕ್ಕಳ ಗಾರ್ಡಿಯನ್‌ಶಿಪ್ಪನ್ನು ನೆಂಟರಿಗೆ, ಸ್ನೇಹಿತರಿಗೆ ಬರೆದುಕೊಟ್ಟದ್ದು 2019ರಲ್ಲಿ ಪತ್ರಿಕೆಗಳಲ್ಲಿ ಬಂದು ದೊಡ್ಡ ಗಲಾಟೆ ಆಯಿತು. ಆಮೇಲೆ ಇಂಥ ಕಾಗದ ನೋಡಿದರೆ ಕಾಲೇಜುಗಳು ಕನ್ನಡಕ ಹಾಕಿಕೊಂಡು ಓದುತ್ತವೆ.

ನಾನು ಎಚ್-4 ವೀಸಾದಲ್ಲಿದ್ದೀನಿ, ಅಪ್ಪನ ಎಚ್-1ಬಿ ಕೆಲಸದ ವೀಸಾದ ಮೇಲೆ ಬಂದದ್ದು.

ಸರ್ಕಾರದ ನೆರವು ಇಲ್ಲ. ಅಪ್ಪ ಅಮ್ಮ ಸಹಿ ಹಾಕಿದರೂ ಇಲ್ಲ. ಗ್ರೀನ್ ಕಾರ್ಡ್ ಬಂದರೆ ಆವತ್ತೇ ಅರ್ಹರು. ಅಲ್ಲಿಯ ತನಕ ಕಾಲೇಜಿನ ಮೆರಿಟ್ ದುಡ್ಡು, ರಾಜ್ಯದ ಒಳಗಿನ ಫೀಸು ಎಚ್-4ಗೆ ಸಿಗುತ್ತದಾ ಅಂತ ವಿಚಾರಿಸುವುದು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೂ ಫ್ಯಾಫ್ಸಾ ಇಲ್ಲ.

ಮದುವೆ ಆದ್ರೆ ಸ್ವತಂತ್ರ ಅಂದ್ರಲ್ಲ?

ಹೌದು, ಫಾರ್ಮು ತುಂಬುವ ದಿನಕ್ಕೆ ಮದುವೆ ಆಗಿರಬೇಕು. ಎಂಗೇಜ್‌ಮೆಂಟ್ ಲೆಕ್ಕಕ್ಕಿಲ್ಲ. ಗಂಡ ಅಥವಾ ಹೆಂಡತಿಯ ಆದಾಯ ಸೇರುತ್ತದೆ. ಫಾರ್ಮಿಗೋಸ್ಕರ ಮದುವೆ ಆಗುತ್ತೇನೆ ಅಂದ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಒಂದು ಕಪ್ ಕಾಫಿ ಕೊಟ್ಟು ಮನೆಗೆ ಕಳಿಸಿದೆ.

ಕಮ್ಯುನಿಟಿ ಕಾಲೇಜು ಅಂದ್ರೆ ಮನೇಲಿ ನಾಲ್ಕು ಜನ ಏನಂತಾರೋ ಅಂತಾರೆ.

ಆ ನಾಲ್ಕು ಜನ ಫೀಸು ಕಟ್ಟುತ್ತಾರಾ? ಕ್ಯಾಲಿಫೋರ್ನಿಯಾದವರಿಗೆ ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ವರ್ಷಕ್ಕೆ 30 ಯೂನಿಟ್ ಅಂದರೆ 1,380 ಡಾಲರ್. ಆ 5,500ರ ಸಾಲದಲ್ಲಿ ಫೀಸು ಕಟ್ಟಿ, ಪುಸ್ತಕ ಕೊಂಡು, ಬಸ್ ಚಾರ್ಜಿಗೂ ಉಳಿಯುತ್ತದೆ. ಕ್ಯುಪರ್ಟಿನೊದ ಡಿ ಆಂಜಾ, ಫ್ರೀಮಾಂಟಿನ ಓಲೋನಿ, ಎರಡೂ ನಮ್ಮವರು ತುಂಬಿರುವ ಊರುಗಳಲ್ಲೇ ಇವೆ. ಎರಡು ವರ್ಷ ಓದಿ, ಒಳ್ಳೆ ಅಂಕ ತೆಗೆದು ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸಿಗೆ ಹಾರಬಹುದು. ಡೇವಿಸ್, ಅರ್ವೈನ್ ಸೇರಿ ಆರು ಕ್ಯಾಂಪಸ್ಸುಗಳು ಷರತ್ತು ಪೂರೈಸಿದವರಿಗೆ ಸೀಟಿನ ಖಾತರಿಯನ್ನೇ ಕೊಡುತ್ತವೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಇರುವುದು ಯುಸಿ ಹೆಸರೇ.

ಕೆಲಸ ಮಾಡುತ್ತಾ ಓದುವವರು ಕಂಪನಿಯಲ್ಲಿ ವಿಚಾರಿಸಿ. ನೌಕರರ ಓದಿಗೆ ವರ್ಷಕ್ಕೆ 5,250 ಡಾಲರ್ ತನಕ ಕಂಪನಿ ಕೊಟ್ಟರೆ ನಿಮಗೆ ಅದರ ಮೇಲೆ ಟ್ಯಾಕ್ಸ್ ಬೀಳುವುದಿಲ್ಲ, ಹಾಗಾಗಿ ಕೆಲವು ಕಂಪನಿಗಳು ಕೊಡುತ್ತವೆ. ಎರಡನೇ ವರ್ಷದಿಂದ ಹಾಸ್ಟೆಲಿನಲ್ಲಿ ಆರ್‌ಎ (ಹಾಸ್ಟೆಲಿನ ಮಕ್ಕಳನ್ನು ನೋಡಿಕೊಳ್ಳುವ ವಿದ್ಯಾರ್ಥಿ) ಕೆಲಸ ಸಿಕ್ಕರೆ ಬಹಳ ಕಡೆ ರೂಮು ಪುಕ್ಕಟೆ.

ಮಾವ ಸಹಿ ಹಾಕ್ತೀನಿ ಅಂದಿದ್ದಾರೆ, ಬ್ಯಾಂಕಿಂದ ಪ್ರೈವೇಟ್ ಸಾಲ ತಗೊಳ್ಲಾ?

ಕೊನೆಯ ದಾರಿ ಅದು. ಈ ಸಹಿ ಫ್ಯಾಫ್ಸಾದ ಸಹಿಯಂಥದ್ದಲ್ಲ. ನೀವು ಕಟ್ಟದಿದ್ದರೆ ಬ್ಯಾಂಕು ಮಾವನ ಮನೆ ಬಾಗಿಲಿಗೆ ಬರುತ್ತದೆ, ಅವರ ಕ್ರೆಡಿಟ್ಟೂ ಹಾಳಾಗುತ್ತದೆ. ಮಾವನಿಗೆ ಇದು ಗೊತ್ತಿದೆಯಾ ಅಂತ ಕೇಳಿ. ಅತ್ತೆಗೂ ಗೊತ್ತಿರಲಿ.

ಅಪ್ಪನ ಮೇಲೆ ಕೇಸು ಹಾಕಬಹುದಾ?

18 ಆದ ಮೇಲೆ ಕಾಲೇಜಿಗೆ ದುಡ್ಡು ಕೊಡಲೇಬೇಕು ಅನ್ನುವ ಕಾನೂನು ಹೆಚ್ಚಿನ ರಾಜ್ಯಗಳಲ್ಲಿ ಇಲ್ಲ. ನ್ಯೂಜೆರ್ಸಿ, ಇಲಿನಾಯ್ಸ್‌ನಂಥ ಕಡೆ ಡಿವೋರ್ಸ್ ಆದ ತಂದೆ ತಾಯಿಗೆ ಕಾಲೇಜಿನ ಖರ್ಚು ಹಂಚಿಕೊಳ್ಳಿ ಅಂತ ಕೋರ್ಟು ಹೇಳಬಹುದು. ಡಿವೋರ್ಸ್ ಪತ್ರದಲ್ಲೇ ಬರೆದಿದ್ದರಂತೂ ವಕೀಲರಿಗೆ ತೋರಿಸಿ. ಒಟ್ಟಿಗೇ ಇರುವ ಅಪ್ಪ ಅಮ್ಮನ ಮೇಲೆ ಹೋಗಿ ಉಪಯೋಗವಿಲ್ಲ.

ನಾನು ಅಪ್ಪ. ಮಗ ನನ್ನ ಮಾತು ಕೇಳಲ್ಲ, ದುಡ್ಡು ಕೊಡಲ್ಲ ಅಂತ ತೀರ್ಮಾನ ಮಾಡಿದ್ದೀನಿ. ನನಗೇನಾದ್ರೂ ಹೇಳೋದಿದ್ಯಾ?

ದುಡ್ಡು ನಿಮ್ಮದು ಸಾರ್, ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಎರಡೇ ವಿನಂತಿ. ಕೊಡಲ್ಲ ಅನ್ನುವುದಾದರೆ ಹನ್ನೊಂದನೇ ಕ್ಲಾಸಿನಲ್ಲೇ ಹೇಳಿಬಿಡಿ. ಸೀಟು ಬಂದ ಮೇಲೆ, ಏಪ್ರಿಲ್‌ನಲ್ಲಿ ಹೇಳಿದರೆ ಅವನಿಗೆ ಅಗ್ಗದ ಕಾಲೇಜು ಹುಡುಕಲು ಸಮಯವೇ ಇರುವುದಿಲ್ಲ.

ಇನ್ನೊಂದು ಆ ಫಾರ್ಮು. ಒಂದು ಸಲ ತುಂಬಿದರೆ ಮುಗಿಯಲಿಲ್ಲ, ಪ್ರತಿ ವರ್ಷ ಹೊಸದಾಗಿ ತುಂಬಬೇಕು, ನಿಮ್ಮ ಒಪ್ಪಿಗೆಯೂ ಪ್ರತಿ ವರ್ಷ ಬೇಕು. ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಕೆಲವು ರಾಜ್ಯಗಳ ಗಡುವು ಬೇಗ ಮುಗಿಯುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಮಾರ್ಚ್ 2. ಮಗನ ಜೊತೆ ಮಾತು ಬಿಟ್ಟಿದ್ದರೂ ತೊಂದರೆಯಿಲ್ಲ. ನಿಮ್ಮ ಭಾಗದ ಆಹ್ವಾನ ನಿಮ್ಮ ಇಮೇಲಿಗೇ ಬರುತ್ತದೆ, ಅವನ ಪಕ್ಕ ಕೂರಬೇಕಿಲ್ಲ. ಆ ಮೇಲ್ ಒಮ್ಮೊಮ್ಮೆ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳುತ್ತದೆ, ಅಲ್ಲೂ ಒಂದು ಸಲ ನೋಡಿ.